ಕಾರಿನ ಡಿಎಲ್‌ನಲ್ಲಿ ಟ್ರ್ಯಾಕ್ಟರ್-ಟ್ರೈಲರ್ ಓಡಿಸಬಹುದಾ? ಮುಂದೆ ಲಾರಿಗೆ ಏನು ಬೇಕು?

ಜೋಳದಹೊಲ

ಎಲ್ಲರಿಗೂ ನಮಸ್ಕಾರ. ನನ್ನ ಡಿಎಲ್‌ನಲ್ಲಿ ಗೇರ್ ಬೈಕ್ ಮತ್ತು ಎಲ್‌ಎಂವಿ (ಕಾರಿನಂಥ ಲಘು ವಾಹನ) ಎರಡೇ ವರ್ಗ ಇವೆ. ಮನೆಗೆ 45 ಎಚ್‌ಪಿ ಟ್ರ್ಯಾಕ್ಟರ್, ಅದರ ಜೊತೆ ಎರಡು ಚಕ್ರದ ಟಿಪ್ಪಿಂಗ್ ಟ್ರೈಲರ್ ತಗೊಳ್ತಿದ್ದೇವೆ. ಮೆಕ್ಕೆಜೋಳ ಎಪಿಎಂಸಿಗೆ ಒಯ್ಯೋಕೆ ಹೆದ್ದಾರಿ ಹತ್ತಲೇಬೇಕು. ಡೀಲರ್ ಕಡೆಯವರು ಎಲ್‌ಎಂವಿ ಸಾಕು ಅಂತಾರೆ. ಡ್ರೈವಿಂಗ್ ಸ್ಕೂಲಿನವರು ಟ್ರ್ಯಾಕ್ಟರ್ ಬೇರೆ ಸೇರಿಸಬೇಕು, ಟ್ರೈಲರ್ ಕಟ್ಟಿದರೆ ಟ್ರಾನ್ಸ್‌ಪೋರ್ಟ್ (ಬಾಡಿಗೆ, ಸರಕು ಸಾಗಣೆ ವಾಹನದ) ವರ್ಗ ಬೇಕು ಅಂತಾರೆ. ಯಾರ ಮಾತು ಸರಿ? ಸುಗ್ಗಿ ಮುಗಿದ ಮೇಲೆ ಊರಲ್ಲಿ ಇಟ್ಟಿಗೆ, ಜಲ್ಲಿ ಬಾಡಿಗೆಗೆ ಹೊಡೆಯೋ ಯೋಚನೆಯೂ ಇದೆ. ಒಂದೆರಡು ವರ್ಷ ಬಿಟ್ಟು ಲಾರಿ ಲೈಸೆನ್ಸ್ ಕೂಡ ಮಾಡಿಸಬೇಕು ಅಂತ ಇದ್ದೀನಿ.

ಕಲಂ_ನೋಡಿ

ಕಾನೂನಿನ ಮಾತಿಗೆ ಬಂದರೆ ಡೀಲರ್ ಹೇಳಿದ್ದು ಸರಿ. ಯಾಕೆ ಸರಿ ಅನ್ನೋದು ಅವರಿಗೂ ಗೊತ್ತಿರಲಿಕ್ಕಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ ಕಲಂ 2(21)ರಲ್ಲಿ ಎಲ್‌ಎಂವಿ ಅಂದರೆ ಏನು ಅಂತ ಇದೆ. ಅದರಲ್ಲಿ ಅಳತೆ ಎರಡು. ಟ್ರಾನ್ಸ್‌ಪೋರ್ಟ್ ವಾಹನ ಮತ್ತು ಆಮ್ನಿಬಸ್‌ಗೆ ಮಾಲು ಸೇರಿದ ಒಟ್ಟು ತೂಕ, ಅಂದರೆ ಜಿವಿಡಬ್ಲ್ಯೂ, 7,500 ಕೆಜಿ ಮೀರಬಾರದು. ಕಾರು, ಟ್ರ್ಯಾಕ್ಟರ್, ರೋಡ್ ರೋಲರ್‌ಗೆ ಮಾತ್ರ ಖಾಲಿ ತೂಕ 7,500 ಕೆಜಿ ಮೀರಬಾರದು. 45 ಎಚ್‌ಪಿ ಟ್ರ್ಯಾಕ್ಟರಿನ ಖಾಲಿ ತೂಕ ಎರಡು ಟನ್‌ನ ಆಚೀಚೆ ಇರುತ್ತದೆ, ಹಾಗಾಗಿ ಅದು ಎಲ್‌ಎಂವಿಯೊಳಗೇ ಬಂತು.

ಟ್ರೈಲರ್ ಕಟ್ಟಿದ ಮಾತ್ರಕ್ಕೆ ಟ್ರ್ಯಾಕ್ಟರ್ ಟ್ರಾನ್ಸ್‌ಪೋರ್ಟ್ ವಾಹನ ಆಗಿಬಿಡುತ್ತದೆ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2001ರಲ್ಲೇ ನಾಗಶೆಟ್ಟಿ ಪ್ರಕರಣದಲ್ಲಿ ಒಪ್ಪಲಿಲ್ಲ. ಟ್ರ್ಯಾಕ್ಟರ್ ಓಡಿಸಲು ಲೈಸೆನ್ಸ್ ಇರುವವನ ಲೈಸೆನ್ಸ್, ಹಿಂದೆ ಟ್ರೈಲರ್ ಇದೆ ಎಂಬ ಕಾರಣಕ್ಕೆ ಅಸಿಂಧು ಆಗುವುದಿಲ್ಲ. 2017ರ ಮುಕುಂದ್ ದೇವಾಂಗನ್ ತೀರ್ಪು ಇನ್ನೂ ಮುಂದೆ ಹೋಗಿ, 7,500 ಕೆಜಿ ಒಳಗಿನ ಟ್ರಾನ್ಸ್‌ಪೋರ್ಟ್ ವಾಹನವನ್ನೂ ಬರೀ ಎಲ್‌ಎಂವಿ ಇದ್ದವರು ಓಡಿಸಬಹುದು ಅಂತು. ವಿಮಾ ಕಂಪನಿಗಳು ಅದನ್ನು ಪ್ರಶ್ನೆ ಮಾಡಿದ್ದವು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ಇ-ರಿಕ್ಷಾ, ಇ-ಕಾರ್ಟ್, ಅಪಾಯಕಾರಿ ಸರಕಿನ ವಾಹನಗಳಿಗೆ ಮಾತ್ರ ಪ್ರತ್ಯೇಕ ಅರ್ಹತೆ ಹಾಗೇ ಉಳಿದಿದೆ.

ಕ್ಲೇಮ್_ಫೈಲ್

ಮೇಲಿನವರು ಹೇಳಿದ ತೀರ್ಪುಗಳ ಬಗ್ಗೆ ತಕರಾರಿಲ್ಲ. ಆದರೆ ರಸ್ತೇಲಿ ನಿಲ್ಲಿಸೋ ಪೇದೆ ಕಲಂ 2(21) ಓದಿಕೊಂಡು ನಿಂತಿರೋದಿಲ್ಲ. ಅಪಘಾತ ಆದರೆ ವಿಮಾ ಕಂಪನಿ ಮೊದಲು ಕೈ ಹಾಕೋದೇ ಡಿಎಲ್‌ಗೆ. ಟ್ರಿಬ್ಯೂನಲ್‌ನಲ್ಲಿ ಕೊನೆಗೆ ನೀವೇ ಗೆಲ್ಲಬಹುದು, ಅಲ್ಲಿವರೆಗೆ ಅಲೆದಾಟ ತಪ್ಪಿದ್ದಲ್ಲ. ಲೈಸೆನ್ಸ್‌ಗೆ ಅರ್ಜಿ ಹಾಕೋ ಸರ್ಕಾರಿ ಸಾರಥಿ ಪೋರ್ಟಲ್‌ನಲ್ಲಿ ಟ್ರ್ಯಾಕ್ಟರ್ ಅಂತ ಬೇರೆಯೇ ವರ್ಗ ಇದೆ. ದಿನಾ ಓಡಿಸೋರು ಸೇರಿಸಿಕೊಳ್ಳೋದೇ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ.

ಮಾಡೋದು ಹೀಗೆ. ಸಾರಥಿಯಲ್ಲಿ ಕರ್ನಾಟಕ ಆಯ್ಕೆ ಮಾಡಿ, ಮೊದಲು ಆ ವರ್ಗಕ್ಕೆ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ತಗೊಳ್ಳಿ. ಎಲ್‌ಎಲ್ ಕೈಗೆ ಬಂದು 30 ದಿನ ಆಗದೆ ಟೆಸ್ಟ್‌ಗೆ ಸ್ಲಾಟ್ ಇಲ್ಲ, 6 ತಿಂಗಳು ದಾಟಿದರೆ ಎಲ್‌ಎಲ್ ಸತ್ತಂತೆ. ಕೇಂದ್ರ ನಿಯಮದ ಶುಲ್ಕ ಎಲ್‌ಎಲ್‌ಗೆ 150 ರೂ., ಡ್ರೈವಿಂಗ್ ಟೆಸ್ಟ್‌ಗೆ 300, ವರ್ಗ ಸೇರಿಸಲು 500. ಕಾರ್ಡಿನದ್ದು ಅದರ ಮೇಲೆ. ಟೆಸ್ಟ್‌ಗೆ ಟ್ರ್ಯಾಕ್ಟರ್ ನೀವೇ ಒಯ್ಯಬೇಕು, ಅದರ ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಎಲ್ಲ ಚಾಲ್ತಿಯಲ್ಲಿರಲಿ. ಎಷ್ಟೋ ಜನ ವಾಪಸ್ ಬರೋದು ಓಡಿಸೋಕೆ ಬಾರದೆ ಅಲ್ಲ, ಟ್ರ್ಯಾಕ್ಟರಿನ ಇನ್ಶೂರೆನ್ಸ್ ಮುಗಿದಿದ್ದಕ್ಕೆ.

ಎಲ್‌ಎಲ್‌ನಲ್ಲಿರುವಾಗ ಮುಂದೆ-ಹಿಂದೆ 18 ಸೆಂ.ಮೀ. ಚೌಕದ ಬಿಳಿ ಫಲಕದಲ್ಲಿ ಕೆಂಪು ‘ಎಲ್’ ಇರಬೇಕು. ಪಕ್ಕದಲ್ಲಿ ಲೈಸೆನ್ಸ್ ಇರೋರು ಗಾಡಿ ನಿಲ್ಲಿಸೋಕೆ ಆಗುವಂತೆ ಕೂತಿರಬೇಕು ಅನ್ನುತ್ತೆ ನಿಯಮ. ಒಂದೇ ಸೀಟಿನ ಟ್ರ್ಯಾಕ್ಟರ್‌ನಲ್ಲಿ ಅವರು ಕೂರೋದೆಲ್ಲಿ ಅಂತ ಬರೆದವರನ್ನೇ ಕೇಳಬೇಕು. ಮಡ್‌ಗಾರ್ಡ್ ಮೇಲೆ ಕೂರಿಸಿಕೊಂಡು ಹೆದ್ದಾರಿಗಂತೂ ಹೋಗಬೇಡಿ. ಕಲಿಯೋದೆಲ್ಲ ಹೊಲದಲ್ಲೋ ಕಣದಲ್ಲೋ ಮುಗಿಸಿ.

ಜೋಳದಹೊಲ

ಧನ್ಯವಾದ ಸರ್. ಹಾಗಾದ್ರೆ ಇಟ್ಟಿಗೆ ಬಾಡಿಗೆಗೂ ಇದೇ ಡಿಎಲ್ ನಡೆಯುತ್ತಾ?

ಹಳದಿಬೋರ್ಡು

ಬಾಡಿಗೆ ವಿಚಾರದಲ್ಲಿ ಡಿಎಲ್‌ಗಿಂತ ಮೊದಲು ಆರ್‌ಸಿ ನೋಡಬೇಕು, ಅಲ್ಲೇ ಜನ ಎಡವೋದು. ಕೃಷಿ ಟ್ರ್ಯಾಕ್ಟರ್ ಬಿಳಿ ಬೋರ್ಡಿನ ವಾಹನ, ಕೇಂದ್ರ ನಿಯಮದಲ್ಲೇ ಅದನ್ನು ನಾನ್-ಟ್ರಾನ್ಸ್‌ಪೋರ್ಟ್ ಅಂತ ಕರೆದಿದ್ದಾರೆ. ನಿಮ್ಮ ಬೆಳೆ, ಗೊಬ್ಬರ, ಬೀಜ ಸಾಗಿಸೋಕೆ ಅಡ್ಡಿಯಿಲ್ಲ. ದುಡ್ಡು ತಗೊಂಡು ಇಟ್ಟಿಗೆ ಹೊಡೆದಿರೋ ಅದು ಸರಕು ಸಾಗಣೆ ಆಯ್ತು. ಕಮರ್ಷಿಯಲ್ ನೋಂದಣಿ, ಹಳದಿ ಬೋರ್ಡು, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಪರ್ಮಿಟ್, ಕಮರ್ಷಿಯಲ್ ಪಾಲಿಸಿ ಎಲ್ಲ ಬೇಕು. ಎಫ್‌ಸಿ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಪರ್ಮಿಟ್ ಇಲ್ಲದೆ ಸಿಕ್ಕಿಬಿದ್ದರೆ ಕಲಂ 192ಎ ಪ್ರಕಾರ 10,000 ರೂ. ದಂಡ. ಓವರ್‌ಲೋಡ್ ಆದರೆ 20,000, ಜೊತೆಗೆ ಹೆಚ್ಚಾದ ಪ್ರತಿ ಟನ್‌ಗೆ 2,000. ನಾಲ್ಕಾರು ಲೋಡ್ ಬಾಡಿಗೆ ಆಸೆಗೆ ಇಷ್ಟೆಲ್ಲ ಬೇಕಾ ಅನ್ನೋದನ್ನ ನೀವೇ ಲೆಕ್ಕ ಹಾಕಿ.

ಡಿಎಲ್ ವಿಷಯ: ಕಮರ್ಷಿಯಲ್ ಆಗಿ, ಟ್ರೈಲರ್ ಮತ್ತು ಲೋಡ್ ಸೇರಿ 7,500 ಕೆಜಿ ದಾಟುವ ಹಾಗಿದ್ದರೆ ಟ್ರಾನ್ಸ್‌ಪೋರ್ಟ್ ಮಾಡಿಸಿಕೊಂಡೇ ಇಳಿಯಿರಿ. ಅಲ್ಲಿ ತೀರ್ಪು ನಂಬಿಕೊಂಡು ವಾದಕ್ಕೆ ನಿಲ್ಲೋ ಅಗತ್ಯ ಇಲ್ಲ.

ಇನ್ನೊಂದು ಮಾತು ಟ್ರೈಲರ್ ಬಗ್ಗೆ. ಅದಕ್ಕೂ ಬೇರೆ ನೋಂದಣಿ, ಬೇರೆ ನಂಬರ್ ಇರುತ್ತದೆ. ಕಲಂ 61ರ ಪ್ರಕಾರ ಟ್ರೈಲರಿನ ಸ್ವಂತ ನಂಬರ್ ಅದರ ಪಕ್ಕದ ಮೈಮೇಲೆ, ಎಳೆಯುವ ಟ್ರ್ಯಾಕ್ಟರಿನ ನಂಬರ್ ಟ್ರೈಲರಿನ ಮೇಲೆ, ಎರಡು ಟ್ರೈಲರ್ ಇದ್ದರೆ ಕೊನೆಯದರ ಮೇಲೆ. ಕಬ್ಬಿನ ಸೀಸನ್ನಲ್ಲಿ ನೋಡಿ, ಮಂಡ್ಯದಿಂದ ಬೆಳಗಾವಿವರೆಗೆ ನಂಬರೇ ಇಲ್ಲದ ಟ್ರೈಲರ್‌ಗಳೇ ಓಡಾಡ್ತವೆ.

ಕ್ಲೇಮ್_ಫೈಲ್

ಅದಕ್ಕೇ ಸೇರಿಸ್ತೀನಿ. ಟ್ರ್ಯಾಕ್ಟರ್ ಪಾಲಿಸಿ ಮಾಡಿಸುವಾಗಲೇ ಟ್ರೈಲರಿನ ಚಾಸಿ ನಂಬರ್ ಹೇಳಿ ಅದನ್ನೂ ಬರೆಸಿ, ಪಾಲಿಸಿ ಪ್ರತಿಯಲ್ಲಿ ಬಂದಿದೆಯಾ ಓದಿ ನೋಡಿ. ಟ್ರೈಲರ್ ಬಡಿದು ಯಾರಿಗಾದರೂ ಪೆಟ್ಟಾದಾಗ ‘ನಾವು ಟ್ರ್ಯಾಕ್ಟರಿಗೆ ಮಾತ್ರ ಪ್ರೀಮಿಯಂ ತಗೊಂಡಿದ್ದು’ ಅನ್ನೋದು ಕಂಪನಿಯ ಮಾಮೂಲಿ ಉತ್ತರ. ಕೂಲಿಯವರನ್ನು ಟ್ರೈಲರಿನಲ್ಲಿ ಕೂರಿಸಿಕೊಂಡು ಹೋಗೋದು ಇನ್ನೊಂದು ದೊಡ್ಡ ತಪ್ಪು. ಪರಿಹಾರ ಮಾಲೀಕನ ತಲೆ ಮೇಲೇ ಬೀಳಬಹುದು, ಹೊಲ ಮಾರಬೇಕಾಗಿ ಬಂದವರಿದ್ದಾರೆ.

ಮನೆಯ ಹುಡುಗರಿಗೆ ಗಾಡಿ ಕೊಡೋ ಮುಂಚೆಯೂ ಯೋಚಿಸಿ. ಲೈಸೆನ್ಸ್ ಇಲ್ಲದವನು ಓಡಿಸಿದರೆ ಅವನಿಗೆ ಕಲಂ 181ರಲ್ಲಿ 5,000, ಕೊಟ್ಟವನಿಗೆ ಕಲಂ 180ರಲ್ಲಿ 5,000 ದಂಡ ಇದೆ. 18 ತುಂಬದವನ ಕೈಗೆ ಕೊಟ್ಟು ಏನಾದರೂ ಆದರೆ ಕಲಂ 199ಎ: 25,000 ರೂ. ದಂಡ, 3 ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು.

ಸ್ಟೇರಿಂಗ್_ಹಿಂದೆ

ಟೆಸ್ಟ್‌ನಲ್ಲಾಗಲಿ, ಎಪಿಎಂಸಿ ಅಂಗಳದಲ್ಲಾಗಲಿ ಬೆವರು ಇಳಿಸೋದು ರಿವರ್ಸ್. ಎರಡು ಚಕ್ರದ ಟ್ರೈಲರ್ ಎಡಕ್ಕೆ ಹೋಗಬೇಕು ಅಂದರೆ ಸ್ಟೇರಿಂಗ್ ಮೊದಲು ಬಲಕ್ಕೆ ಸ್ವಲ್ಪ ತಿರುಗಿಸಿ. ಟ್ರೈಲರ್ ಎಡಕ್ಕೆ ವಾಲೋಕೆ ಶುರು ಮಾಡಿದ ತಕ್ಷಣ ಸ್ಟೇರಿಂಗ್ ಎಡಕ್ಕೆ ತಂದು ಅದರ ಹಿಂದೆಯೇ ಹೋಗಿ. ತಡ ಮಾಡಿದರೆ ಟ್ರೈಲರ್ ಮಡಚಿಕೊಂಡು ಡ್ರಾಬಾರ್ (ಟ್ರೈಲರ್ ಕಟ್ಟುವ ಮುಂದಿನ ಕಂಬಿ) ಟ್ರ್ಯಾಕ್ಟರಿನ ಹಿಂದಿನ ಟಯರಿಗೆ ತಾಗುತ್ತೆ. ಅಲ್ಲಿಗೆ ಬಂದ ಮೇಲೆ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಸರಿ ಹೋಗಲ್ಲ, ಮುಂದಕ್ಕೆ ಎಳೆದು ನೇರ ಮಾಡಿ ಮತ್ತೆ ಶುರು ಮಾಡಬೇಕು. ನಾಲ್ಕು ಚಕ್ರದ ಟ್ರೈಲರ್ ಆದರೆ ಮಡಚುವ ಜಾಗ ಎರಡು, ಅದನ್ನು ಕಲಿಯೋಕೆ ಬೇರೆಯೇ ತಾಳ್ಮೆ ಬೇಕು.

ರಸ್ತೆ ಹತ್ತುವ ಮುಂಚೆ ಎಡ-ಬಲ ಬ್ರೇಕ್ ಪೆಡಲ್ ಎರಡಕ್ಕೂ ಲಾಕ್ ಹಾಕಿ ಒಂದು ಮಾಡಿ. ಹೊಲದಲ್ಲಿ ತಿರುಗಿಸೋಕೆ ಬಿಡಿಸಿದ್ದನ್ನು ಹಾಗೇ ಮರೆತು ಬಂದರೆ, ಲೋಡ್ ಇರುವಾಗ ಒಂದೇ ಪೆಡಲ್ ಒತ್ತಿದ ಕ್ಷಣ ಟ್ರ್ಯಾಕ್ಟರ್ ಅಡ್ಡ ತಿರುಗುತ್ತೆ, ಹಿಂದಿನ ಟ್ರೈಲರ್ ತಳ್ಳಿಕೊಂಡು ಬರುತ್ತೆ. ಬಹಳಷ್ಟು ಟ್ರೈಲರ್‌ಗೆ ಬ್ರೇಕೇ ಇರಲ್ಲ. ಇಳಿಜಾರಿನಲ್ಲಿ ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡೋದು ಬೇಡ, ಹತ್ತೋಕೆ ಯಾವ ಗೇರು ಬೇಕೋ ಅದರಲ್ಲೇ ಇಳಿಯಿರಿ. ಇಳಿಯೋಕೆ ಶುರು ಮಾಡೋ ಮುಂಚೆಯೇ ಆ ಗೇರಿಗೆ ಬನ್ನಿ, ಮಧ್ಯದಲ್ಲಿ ಕ್ಲಚ್ ಒತ್ತಿದರೆ ಮತ್ತೆ ಗೇರು ಬೀಳದೇ ಹೋಗಬಹುದು.

ಜೋಳದಹೊಲ

ಬ್ರೇಕ್ ಲಾಕ್ ವಿಷಯ ಯಾರೂ ಹೇಳಿರಲಿಲ್ಲ ಅಣ್ಣ. ಬಾಡಿಗೆ ಯೋಚನೆ ಸದ್ಯಕ್ಕೆ ಬಿಟ್ಟೆ. ಲಾರಿ ಲೈಸೆನ್ಸ್ ಬಗ್ಗೆ ಯಾರಾದ್ರೂ ಹೇಳ್ತೀರಾ?

ಕಲಂ_ನೋಡಿ

1994ರ ತಿದ್ದುಪಡಿಗೆ ಮುಂಚೆ ಮೀಡಿಯಂ, ಹೆವಿ ಅಂತ ಬೇರೆ ಬೇರೆ ವರ್ಗ ಇದ್ದವು. ಈಗ ಕಾಯ್ದೆಯಲ್ಲಿ ಎಲ್ಲ ಸೇರಿ ಒಂದೇ ‘ಟ್ರಾನ್ಸ್‌ಪೋರ್ಟ್ ವಾಹನ’. ಮಾತಿನಲ್ಲಿ ಮಾತ್ರ ಹೆವಿ ಅಂತಲೇ ಉಳಿದಿದೆ. ಟಾಟಾ 407 ತರದ್ದು 7,500 ಕೆಜಿ ಒಳಗೆ, ಅದಕ್ಕೆ ಎಲ್‌ಎಂವಿ ಸಾಕು. 1109 ಅಂದರೆ 11 ಟನ್ ವರ್ಗ, ಅದಕ್ಕೆ ಟ್ರಾನ್ಸ್‌ಪೋರ್ಟ್ ಬೇಕೇ ಬೇಕು. ಹೆಸರು ನೋಡಿ ತೀರ್ಮಾನ ಮಾಡದೆ ಆರ್‌ಸಿಯಲ್ಲಿ ಬರೆದ ಜಿವಿಡಬ್ಲ್ಯೂ ನೋಡಿ.

ಅರ್ಹತೆ: 20 ವರ್ಷ ತುಂಬಿರಬೇಕು, ಎಲ್‌ಎಂವಿ ಸಿಕ್ಕಿ ಕನಿಷ್ಠ ಒಂದು ವರ್ಷ ಆಗಿರಬೇಕು. ಫಾರಂ 1ಎ ವೈದ್ಯಕೀಯ ಪ್ರಮಾಣಪತ್ರ, ಲೈಸೆನ್ಸ್ ಇರುವ ಡ್ರೈವಿಂಗ್ ಸ್ಕೂಲಿನಿಂದ ಫಾರಂ 5 (ತರಬೇತಿ ಪಡೆದ ಪ್ರಮಾಣಪತ್ರ) ಬೇಕು. ಆ ಸ್ಕೂಲಿಗೆ ಹೆವಿ ಕಲಿಸಲು ಅನುಮತಿ ಇದೆಯಾ ಅಂತ ಫೀಸು ಕಟ್ಟುವ ಮುಂಚೆ ಕೇಳಿ. ಎಂಟನೇ ತರಗತಿ ಪಾಸಾಗಿರಬೇಕು ಅನ್ನೋದನ್ನು 2019ರಲ್ಲೇ ತೆಗೆದಿದ್ದಾರೆ, ಮಾರ್ಕ್ಸ್ ಕಾರ್ಡಿಗೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಕಾರ್ಡಿನ ಮೇಲೆ ಎನ್‌ಟಿ (ನಾನ್-ಟ್ರಾನ್ಸ್‌ಪೋರ್ಟ್), ಟಿಆರ್ (ಟ್ರಾನ್ಸ್‌ಪೋರ್ಟ್) ಅಂತ ಎರಡು ದಿನಾಂಕ ಬರುತ್ತವೆ. ಟಿಆರ್ 5 ವರ್ಷಕ್ಕೆ ಮಾತ್ರ. ಎನ್‌ಟಿ ದಿನಾಂಕ ದೂರ ಇದೆ ಅಂತ ನೆಮ್ಮದಿಯಾಗಿದ್ದು ಟಿಆರ್ ಮುಗಿದದ್ದು ಗಮನಿಸದ ಲಾರಿ ಚಾಲಕರು ಬೇಕಾದಷ್ಟು. ಮುಂಚೆ ಇದ್ದ 30 ದಿನದ ವಿನಾಯಿತಿ ಈಗಿಲ್ಲ, ಮುಗಿದ ಮರುದಿನದಿಂದಲೇ ಲೈಸೆನ್ಸ್ ಇಲ್ಲ ಅಂತ ಲೆಕ್ಕ. ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಹಾಕಬಹುದು, ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು. ಪೆಟ್ರೋಲ್, ಗ್ಯಾಸ್ ಟ್ಯಾಂಕರ್ ಹತ್ತುವ ಮನಸ್ಸಿದ್ದರೆ 3 ದಿನದ ತರಬೇತಿ ಮುಗಿಸಿ ಹಜಾರ್ಡಸ್ ನಮೂದು ಮಾಡಿಸಬೇಕು, ಅದರ ಅವಧಿ 3 ವರ್ಷ.