ಪದಚರ್ಚೆ: ಮರದ ಅಟ್ಟಣಿಗೆ ಹತ್ತುವವರ ಹಗ್ಗಗಳಿಗೆ ಕನ್ನಡ ಹೆಸರು (ಶನಿವಾರದೊಳಗೆ ಬೇಕು)

ಇಂದ: ಅನುವಾದಕ, ಕಲಬುರಗಿ (ಮಂಗಳವಾರ)

ಎಲ್ಲರಿಗೂ ಶರಣು ಶರಣಾರ್ಥಿ.

ಶನಿವಾರ ಪೇಂಟರ್ ಬರ್ತಾನೆ, ಅಷ್ಟರೊಳಗ ನಾಲ್ಕೈದು ಪದ ಬೇಕಾಗ್ಯಾವ. ಚಿಂಚೋಳಿ ಕಡೆಯ ಒಂದು ಹಳ್ಳಿಯವರು ತೊಗರಿಗೆ ನುಗ್ಗುವ ಕಾಡುಹಂದಿ ಕಾಯಲು ಹೊಲದ ಬದುವಿನ ಮರಗಳ ಮೇಲೆ ಅಟ್ಟಣಿಗೆ ಕಟ್ಟಿದ್ದಾರೆ. ಹೋದ ವರ್ಷ ಒಬ್ಬ ಹುಡುಗ ನಸುಕಿನಲ್ಲಿ ತೂಕಡಿಸಿ ಬಿದ್ದು ಕಾಲು ಮುರಿದುಕೊಂಡ. ಅವನ ಸೋದರಮಾವ ಅಮೆರಿಕದಲ್ಲಿದ್ದಾರೆ. ಅಲ್ಲಿ ಜಿಂಕೆ ಬೇಟೆಯವರು ಮರದ ಮೇಲೆ ಕೂಡುವಾಗ ಕಟ್ಟಿಕೊಳ್ಳುವ ಹಗ್ಗ, ಬೆಲ್ಟಿನ ನಾಲ್ಕು ಸೆಟ್ಟು ತಂದುಕೊಟ್ಟಿದ್ದಾರೆ. ಜೊತೆಗಿರುವ ಇಂಗ್ಲಿಷ್ ಕೈಪಿಡಿ ನನ್ನ ಪಾಲಿಗೆ ಬಂದಿದೆ. ಅದನ್ನು ಕನ್ನಡ ಮಾಡಬೇಕು, ಮರಕ್ಕೊಂದು ತಗಡಿನ ಬೋರ್ಡೂ ಬರೆಸಬೇಕು. (ನಮ್ಮವರದು ಬೇಟೆಯಲ್ಲ, ಬರೀ ಕಾವಲು. 1972ರ ವನ್ಯಜೀವಿ ಕಾಯ್ದೆ ಊರವರಿಗೂ ಗೊತ್ತು, ನನಗೂ ಗೊತ್ತು. ಅದರ ಪಾಠ ಬೇಡ.)

ವಸ್ತುಗಳು ಇವು. ಅಟ್ಟಣಿಗೆಗಿಂತ ಮೇಲೆ ಕಾಂಡಕ್ಕೆ ಬಿಗಿದು ನೆಲದ ತನಕ ಇಳಿಬಿಟ್ಟ ದಪ್ಪ ಹಗ್ಗಕ್ಕೆ ಅವರು ಲೈಫ್‌ಲೈನ್ ಅನ್ನುತ್ತಾರೆ. ಅದಕ್ಕೆ ಇನ್ನೊಂದು ಸಣ್ಣ ಹುರಿಯನ್ನು ಮೂರು ಸುತ್ತು ಸುತ್ತಿ ಹಾಕಿದ ಗಂಟು ಪ್ರೂಸಿಕ್. ಕೈಯಿಂದ ದೂಡಿದರೆ ಮೇಲೆ ಸರಿಯುತ್ತದೆ, ಮೈಭಾರ ಬಿತ್ತೋ ಅಲ್ಲೇ ಬಿಗಿಯುತ್ತದೆ. ಆ ಗಂಟಿನಿಂದ ಮನುಷ್ಯನ ಬೆನ್ನಿಗೆ ಬರುವ ಗಿಡ್ಡ ಹಗ್ಗ ಟೆದರ್. ಹೆಗಲು, ಎದೆ, ತೊಡೆ ಸುತ್ತುವ ಪಟ್ಟಿಗಳು ಹಾರ್ನೆಸ್. ಹತ್ತಿ ಕುಳಿತ ಮೇಲೆ ಸಾಮಾನು ಎಳೆದುಕೊಳ್ಳಲು ಬೇರೆ ಹಗ್ಗ. ಅಲ್ಲಿ ಗುಂಡು ತೆಗೆದ ಬಂದೂಕು ಎಳೆದುಕೊಳ್ಳುತ್ತಾರಂತೆ, ನಮ್ಮವರು ಬ್ಯಾಟರಿ ಮತ್ತು ಬಾರಿಸುವ ಹಲಗಿ.

ಪೇಂಟರ್ ಅಕ್ಷರದ ಲೆಕ್ಕದಲ್ಲಿ ದುಡ್ಡು ಕೇಳ್ತಾನೆ, ಹಿಂಗಾಗಿ ಪದ ಗಿಡ್ಡ ಇರಲಿ. ಸೇದು ಹಗ್ಗ ಅಂತ ಕೊನೆಯದಕ್ಕೆ ನಾನೇ ಇಟ್ಟುಕೊಂಡಿದ್ದೇನೆ, ಬಾವಿಯಿಂದ ನೀರು ಸೇದಿದಂಗ. ಉಳಿದವಕ್ಕೆ ನೀವು ಹೇಳ್ರಿ.

ಇಂದ: ನಿವೃತ್ತ ಮೇಷ್ಟ್ರು, ಹುಮನಾಬಾದ

ಪ್ರಾಣರಜ್ಜು, ಬಂಧನರಜ್ಜು, ದೇಹಬಂಧ. ಗಂಟಿಗೆ ಗ್ರಹಣಗ್ರಂಥಿ.

ಪ್ರೂಸಿಕ್ ಎಂಬುದು ಅಂಕಿತನಾಮ. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಪ್ರಚಾರಕ್ಕೆ ತಂದ ಗಂಟು. ಬೇಕಾದರೆ ಹಾಗೆಯೇ ಉಳಿಸಿಕೊಳ್ಳಬಹುದು.

'ಜೀವಹಗ್ಗ' ಎಂದು ಮಾತ್ರ ಬರೆಯಬೇಡಿ, ಅರಿಸಮಾಸವಾಗುತ್ತದೆ. ಸಂಸ್ಕೃತ ಕನ್ನಡ ಬೆರೆಸುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಹಾಕಿದಂತೆ ಎಂದು ಕವಿರಾಜಮಾರ್ಗ ಎಚ್ಚರಿಸಿದ್ದು ನಿಮ್ಮ ಜಿಲ್ಲೆಯ ಮಳಖೇಡದಲ್ಲೇ, ಒಂಬತ್ತನೆಯ ಶತಮಾನದಲ್ಲಿ. ಅದನ್ನು ಕಲಬುರಗಿಯವರಿಗೆ ನಾನು ಹೇಳಬೇಕಾಗಿ ಬಂತು.

ಇಂದ: ಎಲ್ಲರ ನುಡಿ, ಬೆಂಗಳೂರು (ಹುಟ್ಟೂರು ಯಾದಗಿರಿ; ಮಹಾಪ್ರಾಣ, 'ಷ' ಬಿಟ್ಟು ಬರೆಯುವವರು)

ಮೇಶ್ಟ್ರೇ, ಹಂದಿ ಕಾಯುವವನು ಗ್ರಹಣಗ್ರಂತಿ ಎಂದು ಓದಿ ಮುಗಿಸುವಶ್ಟರಲ್ಲಿ ಹಂದಿ ತೊಗರಿ ತಿಂದು ಮನೆಗೆ ಹೋಗಿರುತ್ತದೆ.

ನಮ್ಮಲ್ಲೇ ಸೊಗಸಾದ ಪದ ಇದೆ: ನೇಣು. ಹಳಗನ್ನಡದಲ್ಲಿ ನೇಣ್ ಎಂದರೆ ಹಗ್ಗ, ಅಶ್ಟೇ. ಸಾವಿಗೂ ಅದಕ್ಕೂ ನಂಟಿರಲಿಲ್ಲ. ಪದದ ಹುರುಳನ್ನು ಕುಗ್ಗಿಸಿದ್ದು ನಾವು. ಆದ್ದರಿಂದ ಲೈಪ್‌ಲೈನಿಗೆ ಕಾಪುನೇಣು, ಟೆದರಿಗೆ ಕಿರುನೇಣು, ಹಾರ್ನೆಸ್ಸಿಗೆ ಮಯ್ಕಟ್ಟು, ಪ್ರೂಸಿಕ್ಕಿಗೆ ಜೀರುಗಂಟು. ಒಂದೇ ಒಂದು ಸಕ್ಕದ (ಸಂಸ್ಕೃತ) ಪದವಿಲ್ಲದೆ ಮುಗಿಯಿತು.

ಇಂದ: ಅನುವಾದಕ, ಕಲಬುರಗಿ (ಬುಧವಾರ)

ಇಬ್ಬರಿಗೂ ನಮಸ್ಕಾರ, ಇಬ್ಬರ ಪದವೂ ಬೋರ್ಡಿಗೆ ಬರಲ್ಲ.

ಮೇಷ್ಟ್ರೇ, ರಜ್ಜುವಿನ ಕಥೆ ನಾನು ಕಂಡದ್ದು ಹೇಳ್ತೀನಿ. ಹಿಂದೊಮ್ಮೆ ಒಂದು ಕಟ್ಟಡದ ಕೆಲಸದ ಜಾಗಕ್ಕೆ 'ಸುರಕ್ಷಾ ರಜ್ಜು ಧರಿಸತಕ್ಕದ್ದು' ಅಂತ ನಾನೇ ಬರೆದುಕೊಟ್ಟಿದ್ದೆ. ಮೇಸ್ತ್ರಿ ಎರಡು ಸಲ ಓದಿ, "ಈ ಸುರಕ್ಷಾ ರಾಜು ಯಾರ್ರೀ, ನಮ್ಮ ಕಡಿ ಹಾಜರಿ ಪುಸ್ತಕದಾಗ ಇಲ್ಲಲ್ಲ" ಅಂದ. ನಗು ಬಂತು, ನಾಚಿಕೆನೂ ಬಂತು. ಆ ಬೋರ್ಡು ಇದ್ದಷ್ಟು ದಿನ ಅಲ್ಲಿ ಒಬ್ಬರೂ ಹಗ್ಗ ಕಟ್ಟಿಕೊಳ್ಳಲಿಲ್ಲ.

ಯಾದಗಿರಿ ಸಾಹೇಬ್ರೇ, ನಿಮ್ಮ ಪದ ಹಾಕಿದರೆ ಬೋರ್ಡು ಹೀಗೆ ಓದಿಸಿಕೊಳ್ಳುತ್ತದೆ: 'ಹತ್ತುವ ಮುನ್ನ ನೇಣು ಹಾಕಿಕೊಳ್ಳಿ.' ಊರವರು ನನ್ನನ್ನೇ ಮರಕ್ಕೆ ಕಟ್ಟುತ್ತಾರೆ. ಅದರ ಕೆಳಗೆ 'ಮೈಕಟ್ಟು ಸರಿಯಿದೆಯೇ ನೋಡಿಕೊಳ್ಳಿ' ಅಂತ ಬರೆದರೆ ಜಿಮ್ಮಿನ ಬೋರ್ಡಾಯಿತು. ಜೀರುಗಂಟು ಅಂದರೆ ಜೀರುಗುಣಿಕೆ ನೆನಪಾಗುತ್ತದೆ. ಅದು ಎಳೆದಷ್ಟೂ ಕುತ್ತಿಗೆ ಹಿಸುಕುವ ಕುಣಿಕೆ. ಪ್ರೂಸಿಕ್ ಬಿಗಿಯುವುದು ಹಗ್ಗವನ್ನು, ಮನುಷ್ಯನನ್ನಲ್ಲ. ಹೆಸರಿನಲ್ಲೇ ಈ ಎರಡು ಕಲಸಿದರೆ ಯಾರೋ ಒಬ್ಬ ಖರೇನೇ ಜೀರುಗುಣಿಕೆ ಹಾಕಿಕೊಂಡಾನು.

ಇಂದ: ಕೋಟೆ ಓಣಿ, ಬೀದರ್

ಅಸಲಿ ಮಾತು ಯಾರೂ ಹೇಳಲಿಲ್ಲ. ನಮ್ಮ ಕಡೆ ಜನ ರಸ್ಸಿ ಅಂತಾರೆ. ಅಟ್ಟಣಿಗೆಗೂ ಮಚಾನ ಅಂತಾರೆ. ಎರಡಕ್ಷರದ ಪದ, ಪೇಂಟರಿಗೂ ಅಗ್ಗ. ಏನು ಕಷ್ಟ?

ಇಂದ: ಎಲ್ಲರ ನುಡಿ, ಬೆಂಗಳೂರು

ಕಶ್ಟ ಏನೆಂದರೆ ಅದು ಕನ್ನಡ ಅಲ್ಲ. 'ಹಗ್ಗ' ಎಂಬ ಅಚ್ಚಗನ್ನಡ ಪದ ಇರುವಾಗ ರಸ್ಸಿ ಯಾಕೆ?

ಇಂದ: ಕೋಟೆ ಓಣಿ, ಬೀದರ್

ಇದಕ್ಕೇ ಕಾಯ್ತಿದ್ದೆ. ಹಗ್ಗ ಅಚ್ಚಗನ್ನಡ ಅಂತ ಯಾರು ಹೇಳಿದರು? ಹಗ್ಗಕ್ಕಿಂತ ಮೊದಲು ಪಗ್ಗ, ಪಗ್ಗಕ್ಕಿಂತ ಮೊದಲು ಪ್ರಗ್ರಹ. ಹೈಸ್ಕೂಲಿನ ತತ್ಸಮ-ತದ್ಭವ ಪಟ್ಟಿಯಲ್ಲೇ ಇದೆ. ಪ್ರಗ್ರಹ ಅಂದರೆ ಸಾರಥಿ ಹಿಡಿಯುವ ಲಗಾಮು. ನೀವು ಬೈದ ರಸ್ಸಿಯೂ ರಶ್ಮಿಯಿಂದ ಬಂದದ್ದು, ರಶ್ಮಿಗೂ ಹಳೆಯ ಅರ್ಥ ಲಗಾಮೇ. ಎರಡೂ ಒಂದೇ ಕುದುರೆಯ ಬಾಯಿಂದ ಬಿಚ್ಚಿಕೊಂಡು ಬಂದ ಪದಗಳು, ಒಂದಕ್ಕೆ ಮಣೆ, ಒಂದಕ್ಕೆ ಒದೆ. ಲಗಾಮು ಅನ್ನೋದು ಫಾರ್ಸಿ, ಅದನ್ನಂತೂ ಯಾರೂ ಕೇಳೋದೇ ಇಲ್ಲ.

1956ರ ತನಕ ನಮ್ಮ ಹಿರಿಯರು ಹೈದರಾಬಾದ್ ರಾಜ್ಯದಲ್ಲಿದ್ದವರು. ಕಚೇರಿಯಲ್ಲಿ ಉರ್ದು, ಸಂತೆಯಲ್ಲಿ ದಖನಿ, ಮನೆಯಲ್ಲಿ ಕನ್ನಡ. ಮೂರೂ ನಮ್ಮವೇ. ಬೆಂಗಳೂರಿನಲ್ಲಿ ಕೂತು ನಮ್ಮ ನಾಲಿಗೆ ತೊಳೆಯೋಕೆ ಬರಬೇಡಿ.

ಇಂದ: ನಿವೃತ್ತ ಮೇಷ್ಟ್ರು, ಹುಮನಾಬಾದ

ಹಗ್ಗ ತದ್ಭವವಾದ್ದರಿಂದಲೇ ಕನ್ನಡವಾಯಿತು. ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜ ತದ್ಭವಗಳಿಗೆಂದೇ ಅಪಭ್ರಂಶ ಪ್ರಕರಣ ಬರೆದದ್ದು ಯಾತಕ್ಕೆ? ರಸ್ಸಿ ಹಾಗೆ ಪಳಗಿಲ್ಲ. ಚರ್ಚೆ ಮುಗಿಯಿತು.

ಇಂದ: ಎಲ್ಲರ ನುಡಿ, ಬೆಂಗಳೂರು

ಮುಗಿಯಲಿಲ್ಲ. ಹಗ್ಗ ತದ್ಬವ ಎಂಬುದನ್ನೇ ನಾನು ಒಪ್ಪುವುದಿಲ್ಲ. ದ್ರಾವಿಡ ಪದಕ್ಕೆಲ್ಲ ಸಕ್ಕದದ ತಾಯಿ ಹುಡುಕುವುದು ಹಳೆಯ ಚಟ. ಅರಿಸಮಾಸದ ಕಟ್ಟಳೆಯೂ ಹಾಗೆಯೇ. 'ಮುಕದಾವರೆ'ಗೆ ವಿನಾಯಿತಿ, 'ಜೀವಹಗ್ಗ'ಕ್ಕೆ ತಡೆ. ಕವಿ ಮಾಡಿದರೆ ಸೊಬಗು, ರೈತ ಮಾಡಿದರೆ ತಪ್ಪು.

ಇಂದ: ನಿವೃತ್ತ ಮೇಷ್ಟ್ರು, ಹುಮನಾಬಾದ

ಮೊದಲು ಮಹಾಪ್ರಾಣ ಕಲಿಯಿರಿ.

ಇಂದ: ಒಕ್ಕಲಗಿತ್ತಿ, ಸುರಪುರ (ಗುರುವಾರ)

ಸರ್‌ಗಳು ಜಗಳ ಮುಗಿಸಿದ್ದರೆ ಒಂದು ಮಾತು. ಅನುವಾದಕ ಅಣ್ಣಾರೇ, ನೀವು ಬರೆದದ್ದನ್ನು ಓದಿದ ಕೂಡಲೇ ನನಗೆ ಕಂಡದ್ದು ನಮ್ಮ ಕೊಟ್ಟಿಗೆ.

ಕೊಟ್ಟಿಗೆಯಲ್ಲಿ ಈ ಗೂಟದಿಂದ ಆ ಗೂಟಕ್ಕೆ ಒಂದು ಉದ್ದನೆಯ ದಪ್ಪ ಹಗ್ಗ ಬಿಗಿದಿರುತ್ತೇವೆ. ಅದು ದಾವಣಿ. ಒಂದೊಂದು ದನದ ಕೊರಳಿನಿಂದ ಒಂದೊಂದು ಗಿಡ್ಡ ಹಗ್ಗ ಆ ದಾವಣಿಗೆ. ಅದು ಕಣ್ಣಿ. ಕಣ್ಣಿಯ ಒಂದು ತುದಿಗೆ ಕಣ್ಣಿನಂಥ ಕುಣಿಕೆ, ಇನ್ನೊಂದು ತುದಿಗೆ ಗುಬ್ಬಿಗಂಟು, ಗಂಟನ್ನು ಕುಣಿಕೆಯಲ್ಲಿ ತೂರಿಸಿದರೆ ಮುಗೀತು. ನಿಮ್ಮ ಲೈಫ್‌ಲೈನ್ ಅಂದರೆ ಎತ್ತಿ ನಿಲ್ಲಿಸಿದ ದಾವಣಿ. ನಿಮ್ಮ ಟೆದರ್ ಕಣ್ಣಿ. ಹಂದಿ ಕಾಯೋ ಹುಡುಗರಲ್ಲಿ ಕರ ಕಟ್ಟದವನು ಯಾವನಿದ್ದಾನೆ? ಹೊಸದಾಗಿ ಕಲಿಸೋದು ಏನೂ ಇಲ್ಲ.

ಕಣ್ಣಿ ಉದ್ದ ಬಿಡಬಾರದು ಅನ್ನೋದೂ ಹೇಳದೇ ತಿಳಿಯುತ್ತದೆ. ಉದ್ದ ಕಣ್ಣಿಯ ಕರ ಸುತ್ತಿಕೊಂಡು ಬೀಳುತ್ತದೆ. ಮರದ ಮೇಲೆ ಉದ್ದ ಬಿಟ್ಟರೆ, ಬಿದ್ದಾಗ ಆ ಉದ್ದದಷ್ಟೂ ಬಿದ್ದು ಆಮೇಲೆ ಜಗ್ಗಿ ನಿಲ್ಲುತ್ತದೆ, ಸೊಂಟ ಹೋಗುತ್ತದೆ. ಕುಂತಾಗ ಕಣ್ಣಿ ಸಡಿಲ ಬೀಳದಂಗ ಗಂಟು ತಲೆಯ ಮೇಲಿರಬೇಕು.

ಹಾರ್ನೆಸ್ಸಿಗೆ ಬೆಲ್ಟ್ ಅಂತಲೇ ಬರೀರಿ. ಕಂಬ ಹತ್ತೋ ಲೈನ್‌ಮನ್ ಕಟ್ಟಿಕೊಳ್ಳೋದು ಬೆಲ್ಟು, ಎಲ್ಲಾರೂ ನೋಡ್ಯಾರ.

ಇನ್ನೊಂದು, ಇದು ಪದದ ಮಾತಲ್ಲ. ಆ ಹಗ್ಗ ಹಳತಾದ ಮೇಲೆ ಊರವರು ಮನೆಯ ಹಗ್ಗ ಕಟ್ಟುತ್ತಾರೆ, ನೋಡ್ತಿರ್ರಿ. ನಾನು ಪುಂಡಿ ನಾರಿನ ಹಗ್ಗ ಹೊಸೆದವಳು. ಎತ್ತಿಗೆ ಚಲೋ, ಆದರೆ ಮಳೆಗೆ ನೆನೆದು ಒಳಗೊಳಗೇ ಕೊಳೆಯುತ್ತದೆ, ಹೊರಗೆ ಗೊತ್ತಾಗಲ್ಲ. ಪ್ಯಾಟಿಯಲ್ಲಿ ಕೆಜಿ ಲೆಕ್ಕದಲ್ಲಿ ಸಿಗೋ ಪ್ಲಾಸ್ಟಿಕ್ ಹಗ್ಗ ನಮ್ಮ ಬಿಸಿಲಿಗೆ ಪುಡಿಪುಡಿ ಉದುರುತ್ತದೆ. ಇದನ್ನು ಬೋರ್ಡಿನಲ್ಲಿ ಹೆಂಗಾರ ಹಾಕ್ರಿ.

ಇಂದ: ಎಲ್ಲರ ನುಡಿ, ಬೆಂಗಳೂರು

ಕಣ್ಣಿ ಚೆನ್ನಾಗಿದೆ. ಕಣ್ಣು, ಕಣ್ಣಿ: ನಮ್ಮದೇ ಬೇರು. ದಾವಣಿ ಬೇಡ, ಅದು ಸಕ್ಕದದ ದಾಮನೀ. ಅಲ್ಲದೆ ದಾವಣಿ ಎಂದರೆ ಲಂಗದ ಮೇಲೆ ಹೊದೆಯುವುದು ಎಂದುಕೊಳ್ಳುತ್ತಾರೆ.

ಇಂದ: ಒಕ್ಕಲಗಿತ್ತಿ, ಸುರಪುರ

ಅದು ನೀವೀಗ ಇರೋ ಊರಿನಲ್ಲಿ, ಅಣ್ಣಾರೇ. ಯಾದಗಿರಿಗೆ ಬಂದು ದಾವಣಿ ಅನ್ರಿ, ಎಷ್ಟು ದನ ಅಂತ ಕೇಳ್ತಾರ.

ಇಂದ: ಅನುವಾದಕ, ಕಲಬುರಗಿ (ಶುಕ್ರವಾರ ರಾತ್ರಿ)

ಅಕ್ಕಾರಿಗೆ ದೊಡ್ಡ ಶರಣು. ಇವತ್ತು ಹಳ್ಳಿಗೆ ಹೋಗಿ ಬಂದೆ. ದಾವಣಿ, ಕಣ್ಣಿ ಎರಡೂ ಪಾಸು. ನಾನು ಬಾಯಿ ಬಿಟ್ಟು ವಿವರಿಸುವ ಮೊದಲೇ ಹುಡುಗರು ಎತ್ತಿಕೊಂಡುಬಿಟ್ಟರು.

ಉಳಿದದ್ದು ಪ್ರೂಸಿಕ್. ಒಬ್ಬ ಅಜ್ಜ ಬೇವಿನ ಮರದ ಬುಡದಲ್ಲಿ ಕೂತಿದ್ದ. ಕೈಪಿಡಿಯ ಚಿತ್ರ ತೋರಿಸಿದೆ, ಬೇಡ ಅಂದ. ಹಗ್ಗವನ್ನೇ ಕೈಗೆ ಕೊಟ್ಟೆ. ಅದು ಒಳಗೆ ತಿರುಳಿನ ಎಳೆ, ಮೇಲೆ ಹೆಣೆದ ಸಿಪ್ಪೆ ಇರುವ ಜಾತಿಯದು. ಉಗುರಿನಿಂದ ಸಿಪ್ಪೆ ಸರಿಸಿ ಒಳಗೆ ನೋಡಿ, "ಕಬ್ಬಿನಂಗ ಅದ" ಅಂದ. ಆಮೇಲೆ ಗಂಟನ್ನು ಬೆರಳಿನಿಂದ ಮೇಲೆ ದೂಡಿದ, ಕೆಳಗೆ ಜಗ್ಗಿದ, ಮತ್ತೆ ದೂಡಿದ, ಈ ಸಲ ಎರಡೂ ಕೈಯಿಂದ ಜೋತುಬಿದ್ದ. ಗಂಟು ಅಲ್ಲಾಡಲಿಲ್ಲ. "ಕಚ್ತದ ನೋಡು," ಅಂದ. "ಸುಮ್ನಿದ್ರ ಸುಮ್ನಿರ್ತದ, ಜಗ್ಗಿದ್ರ ಕಚ್ತದ. ಕಚ್ಚುಗಂಟು."

ಗಂಟು ಹಾಕುವ ಹುರಿ ದಾವಣಿಗಿಂತ ಯಾಕೆ ತೆಳ್ಳಗಿರಬೇಕು ಅಂತ ನಾನು ಕೈಪಿಡಿ ನೋಡಿ ಹೇಳಲು ಹೊರಟಿದ್ದೆ. ಎರಡೂ ಒಂದೇ ದಪ್ಪ ಇದ್ದರೆ ಕಚ್ಚುವುದಿಲ್ಲ ಅಂತ ಅವನೇ ಹೇಳಿದ. ಹಲ್ಲು ಚೂಪಿದ್ದಷ್ಟೂ ಕಚ್ಚೋದು ಹೆಚ್ಚಂತೆ.

ಕೈಪಿಡಿಯ ಒಂದು ಮಾತು ಬೋರ್ಡಿಗೆ ಹಿಡಿಸುವುದಿಲ್ಲ, ಹುಡುಗರಿಗೆ ಬಾಯಲ್ಲೇ ಹೇಳಿ ಬಂದೆ. ಬಿದ್ದು ಬೆಲ್ಟಿನಲ್ಲಿ ನೇತಾಡುವಾಗ ಕಾಲು ಅಲ್ಲಾಡಿಸದೆ ಇದ್ದರೆ ರಕ್ತ ಕಾಲಿನಲ್ಲೇ ನಿಂತು ಸ್ವಲ್ಪ ಹೊತ್ತಿನಲ್ಲೇ ಎಚ್ಚರ ತಪ್ಪಬಹುದು. ಅದಕ್ಕೆ ಸೆಟ್ಟಿನಲ್ಲಿ ಕಾಲಿಟ್ಟು ನಿಲ್ಲಲು ಒಂದು ಪಟ್ಟಿ ಬಂದಿದೆ. ಬೀದರ್ ಸಾಹೇಬ್ರು ಖುಷಿ ಪಡಲಿ, ಅದಕ್ಕೆ ಕುದುರೆ ಜೀನಿನ ರಿಕಾಪು ಅಂದೆ, ಮದುವೆ ಕುದುರೆ ಸಾಕಿದ್ದ ಮನೆಯ ಹುಡುಗನೊಬ್ಬ ಉಳಿದವರಿಗೆ ತಾನೇ ತಿಳಿಸಿ ಹೇಳಿದ.

ಬೋರ್ಡಿನ ಕರಡು:

ನೆಲದ ಮೇಲೇ ಬೆಲ್ಟ್ ಕಟ್ಟಿರಿ
ದಾವಣಿಗೆ ಕಣ್ಣಿ ಹಾಕಿ ಹತ್ತಿರಿ
ಕಚ್ಚುಗಂಟು ತಲೆಯ ಮೇಲಿರಲಿ
ಸಾಮಾನಿಗೆ ಸೇದು ಹಗ್ಗ
ನೆಲ ಮುಟ್ಟಿದ ಮೇಲೆ ಬಿಚ್ಚಿರಿ
ಮನೆ ಹಗ್ಗ ಕಟ್ಟಬೇಡಿ

ಇಂದ: ಎಲ್ಲರ ನುಡಿ, ಬೆಂಗಳೂರು

ಕಚ್ಚುಗಂಟು! ಇದನ್ನೇ ನಾನು ಹೇಳುತ್ತಿದ್ದದ್ದು.

ಇಂದ: ಕೋಟೆ ಓಣಿ, ಬೀದರ್

ನೀವು ಹೇಳಿದ್ದು ನೇಣು.

ಇಂದ: ನಿವೃತ್ತ ಮೇಷ್ಟ್ರು, ಹುಮನಾಬಾದ

ಕರಡಿನಲ್ಲಿ ವ್ಯಾಕರಣದೋಷವಿಲ್ಲ. ಐದು ಸಾಲಿನಲ್ಲಿ 'ರಿ' ಬೇಕಾದಲ್ಲಿ ಹಾಕಿ ಆರನೆಯದರಲ್ಲಿ 'ಬೇಡಿ' ಮಾಡಿದ್ದೀರಿ, 'ಬೇಡಿರಿ' ಆಗಲಿ. ಪೇಂಟರ್ 'ಕಣ್ಣಿ'ಯ ಒತ್ತು ಬಿಡದಂತೆ ನೋಡಿಕೊಳ್ಳಿ. ಬಿಟ್ಟರೆ ಕಣಿ ಹಾಕಿ ಹತ್ತಬೇಕಾಗುತ್ತದೆ.

ಇಂದ: ಅನುವಾದಕ, ಕಲಬುರಗಿ (ಶನಿವಾರ)

ಬರೆಸಿ ಆಯ್ತು ಸರ್. ಒತ್ತು ಬಂದಿದೆ. ಒತ್ತಕ್ಷರಕ್ಕೆ ಬೇರೆ ದುಡ್ಡು ಅಂದ, ಕೊಟ್ಟೆ. 'ಬೇಡಿರಿ'ಗೆ ಜಾಗ ಸಾಲಲಿಲ್ಲ.