ಸಹಾಯ ಬೇಕು: ಶಹಾಬಾದ್ ಕಲ್ಲಲ್ಲಿ ಮತ್ಸ್ಯಕನ್ಯೆ

ಎಲ್ಲರಿಗೂ ನಮಸ್ಕಾರ, ಕಲಬುರಗಿಯಿಂದ ಬರೀತಿದ್ದೇನೆ. ಥಾಯ್ಲೆಂಡಿನ ರಾಮಾಯಣದಲ್ಲಿ ರಾವಣನಿಗೆ ಸುವಣ್ಣಮಚ್ಛಾ ಅಂತ ಒಬ್ಬ ಮಗಳಿದ್ದಾಳೆ, ಮತ್ಸ್ಯಕನ್ಯೆ. ಸೇತುವೆಯ ಕಲ್ಲು ಕದಿಯೋಕೆ ಬಂದವಳು ಹನುಮಂತನನ್ನೇ ಪ್ರೀತಿಸಿಬಿಡುತ್ತಾಳೆ (ಅಲ್ಲಿ ಹನುಮಪ್ಪ ಬ್ರಹ್ಮಚಾರಿ ಅಲ್ಲ!). ಅವಳು ಕಲ್ಲು ತಬ್ಬಿಕೊಂಡು ಮುಳುಗೋದನ್ನು ಕೆತ್ತಬೇಕು ಅಂತಿದ್ದೇನೆ.

ಕೋಪನ್‌ಹೇಗನ್‌ನಲ್ಲಿ 1913ರಿಂದ ಬಂಡೆ ಮೇಲೆ ಕೂತಿರುವ ಮತ್ಸ್ಯಕನ್ಯೆಯ ಪ್ರತಿಮೆ ಕಂಚಿನದು, ಬಾಲ ತೆಳ್ಳಗಿದ್ದರೂ ನಡೆಯುತ್ತೆ. ನನ್ನ ಹತ್ತಿರ ಇರೋದು ಶಹಾಬಾದ್ ಕಲ್ಲು, ಬರೀ ಪದರ. ಉಳಿ ಸ್ವಲ್ಪ ಓರೆಯಾದರೂ ಬಾಲದ ಅಂಚು ಚಕ್ಕೆ ಏಳುತ್ತೆ. ಕನಗನಹಳ್ಳಿ ಸ್ತೂಪದ ಸುಣ್ಣಕಲ್ಲಿನ ಫಲಕಗಳ ಹಾಗೆ ಉಬ್ಬುಶಿಲ್ಪ ಮಾಡಿದರೆ ಉಳಿಯುತ್ತಾ? ಮೀನಿನ ಹುರುಪೆ ಎಷ್ಟು ಆಳ ಕೆತ್ತಬಹುದು? ಈ ಕಲ್ಲಲ್ಲಿ ಕೈಯಾಡಿಸಿದವರು ಯಾರಾದ್ರೂ ಇದ್ದರೆ ಹೇಳ್ರಿ, ಫೋಟೋ ಇದ್ದರೆ ಇನ್ನೂ ಒಳ್ಳೇದು. ಸುಮ್ನೆ ಫೈಬರ್‌ನಲ್ಲಿ ಮಾಡು ಅನ್ನಬೇಡಿ!