ಹಿಂದೆ ತುಳಿದರೆ ನಿಲ್ಲುವ ಸೈಕಲ್ ತಗೊಳ್ಳಬಹುದಾ?

ಪ್ರಶ್ನೆ, ಕಾರವಾರದಿಂದ: ಮಗಳು ಶಾಲೆಗೆ ಹೋಗಲು ಸೆಕೆಂಡ್ ಹ್ಯಾಂಡ್ ಸೈಕಲ್ ಒಂದು ಸಿಕ್ಕಿದೆ. ಹಿಂದಿನ ಚಕ್ರಕ್ಕೆ ಕೋಸ್ಟರ್ ಬ್ರೇಕ್, ಅಂದರೆ ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವುದು. ಬಳಸಿದವರು ಹೇಳಿ.

ಕೋಡಿಬಾಗ: ಕಣ್ಣು ಮುಚ್ಚಿ ತಗೊಳ್ಳಿ. ಹಳೇ ಸೈಕಲ್‌ಗೆ ಪ್ರತಿ ಮಳೆಗಾಲ ನನ್ನ ಖರ್ಚು ನೋಡಿ: ಕೇಬಲ್ 60, ಅದರ ಕವರ್ 80, ಬ್ರೇಕ್ ರಬ್ಬರ್ 70, ಮಜೂರಿ 100. ಅಷ್ಟು ಕೊಟ್ಟರೂ ರಿಮ್ ಒದ್ದೆಯಾದರೆ ಹಿಡಿಯುತ್ತಿರಲಿಲ್ಲ. ಇದರಲ್ಲಿ ಬ್ರೇಕ್ ಇರುವುದು ಹಬ್ಬಿನ ಒಳಗೆ, ಅಂದರೆ ಚಕ್ರದ ನಡುವಿನ ಗುಂಬದಲ್ಲಿ. ಉಪ್ಪು ಗಾಳಿ, ಮರಳು ಸುಲಭಕ್ಕೆ ತಾಗುವುದಿಲ್ಲ. ಇದೇ ತರದ ಬ್ರೇಕ್ ಇರುವ ಜರ್ಮನಿಯ ಟಾರ್ಪೆಡೊ ಹಬ್ 1903ರಲ್ಲೇ ಬಂದಿತ್ತು, ಹೊಸ ಸರ್ಕಸ್ ಏನಲ್ಲ.

ಶಿರಸಿ: ಬಯಲಿನವರಿಗೆ ಎಲ್ಲಾ ಚೆಂದ ಮಾರಾಯ್ರೇ. ದೇವಿಮನೆ ಘಟ್ಟ ಇಳಿಸಿ ನೋಡಿ. ಅರ್ಧ ದಾರಿಗೆ ನನ್ನ ಹಬ್ ಮುಟ್ಟಲಾಗದಷ್ಟು ಬಿಸಿ, ಸುಟ್ಟ ಗ್ರೀಸ್ ವಾಸನೆ. ಕುಮಟಾದಲ್ಲಿ ಬಿಚ್ಚಿಸಿದೆ: ಗ್ರೀಸ್, ಬೇರಿಂಗ್, ಮಜೂರಿ ಸೇರಿ 540. ಕ್ಯಾಲಿಫೋರ್ನಿಯಾದ ಮರಿನ್ ಗುಡ್ಡಗಳಲ್ಲಿ 1970ರ ದಶಕದಲ್ಲಿ ರೇಸ್ ಇಳಿಯುತ್ತಿದ್ದವರಿಗೂ ಇದೇ ಗತಿ, ಇಳಿದ ಮೇಲೆ ಹಬ್ಬಿಗೆ ಮತ್ತೆ ಗ್ರೀಸ್ ತುಂಬಬೇಕಿತ್ತು.

ಕೋಡಿಬಾಗ: ಭಟ್ರೇ, ಅವರು ಕೇಳಿದ್ದು ಶಾಲೆಗೆ. ಘಟ್ಟ ಎಲ್ಲಿಂದ ಬಂತು?

ಅಂಕೋಲಾ: ಚೈನ್ ಕಳಚಿದರೆ ಏನು ಮಾಡ್ತೀರಿ? ಹಿಂದಿನ ಬ್ರೇಕೇ ಇಲ್ಲ! ನನ್ನ ತಮ್ಮ ಇಳಿಜಾರಿನಲ್ಲಿ ಸೀದಾ ಬೇಲಿಗೆ ಹೋದ. ಮೂರು ಹೊಲಿಗೆ, ಡ್ರೆಸಿಂಗ್‌ಗೆ 900, ಮುಂದಿನ ಚಕ್ರ ಬೇರೆ ಸೊಟ್ಟ. ಮುಂದೆ ಕೈಬ್ರೇಕ್ ಇಲ್ಲದಿದ್ದರೆ ಮುಟ್ಟಲೇಬೇಡಿ. ನಿಂತಾಗ ಪೆಡಲ್ ಹಿಂದೆ ತಿರುಗಿಸಿ ಕಾಲಿಗೆ ಸರಿಮಾಡಿಕೊಳ್ಳಲೂ ಬರುವುದಿಲ್ಲ.

ಕೋಡಿಬಾಗ: ಚೈನ್ ಬಿಗಿ ನೋಡದೆ ಓಡಿಸಿ, ಬ್ರೇಕಿಗೆ ಬೈಯೋದಾ?

ಅಂಕೋಲಾ: ನಿಮ್ಮ ತಮ್ಮ ಬಿದ್ದಿದ್ದರೆ ಹೀಗೆ ಬರೆಯುತ್ತಿರಲಿಲ್ಲ.

ಕುಮಟಾ: ಟೈರ್ ಬಗ್ಗೆ ಯಾರೂ ಹೇಳಲೇ ಇಲ್ಲ. ನನ್ನ ಮಗ ಬೇಕಂತಲೇ ಹಿಂದಿನ ಚಕ್ರ ಜಾರಿಸಿ ಹೊಸ ಟೈರ್ ಒಂದೇ ಕಡೆ ಬೋಳು ಮಾಡಿದ. 320 ಹೋಯ್ತು. ಪಂಚರ್ ಆದರೆ ಇನ್ನೂ ತಾಪತ್ರಯ. ಹಬ್ಬಿನಿಂದ ಫ್ರೇಮಿಗೆ ಒಂದು ಕಬ್ಬಿಣದ ಪಟ್ಟಿ ಬಿಗಿದಿರುತ್ತದೆ, ಅದನ್ನೂ ಬಿಚ್ಚಬೇಕು. ಅಂಗಡಿಯವನು 80 ತಗೊಂಡು ಪಟ್ಟಿಯ ಬೋಲ್ಟ್ ಹಾಕದೇ ಕಳಿಸಿದ. ಬ್ರೇಕ್ ಒತ್ತಿದ ಕೂಡಲೇ ಪಟ್ಟಿ ತಿರುಗಿ ಕಡ್ಡಿಗೆ ಬಡಿಯಿತು.

ಶಿರಸಿ: 80? ನಮ್ಮಲ್ಲಿ ಪಂಚರ್‌ಗೆ 40.

ಕುಮಟಾ: ಹಾಗಾದ್ರೆ ಪಂಚರ್ ಹಾಕಿಸೋಕೆ ಘಟ್ಟ ಹತ್ತಿ ಬರಲಾ?

ಶಿರಸಿ: ಹತ್ತುವಾಗ ಬ್ರೇಕ್ ಬೇಡ, ಬನ್ನಿ.